ಕ್ಯಾರವಾನ್ ಎಳೆದುಕೊಂಡು ಕೇಪ್ ಟ್ರಿಬ್ಯುಲೇಶನ್‌ವರೆಗೆ

ಶನಿವಾರ, ಭಾನುವಾರ: ಸುಮ್ನೆ ರಸ್ತೆ

ಈ ಎರಡು ದಿನದ ಬಗ್ಗೆ ಹೇಳೋದು ಜಾಸ್ತಿ ಇಲ್ಲ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಿಂದ ಕೇರ್ನ್ಸ್‌ಗೆ ಬ್ರೂಸ್ ಹೈವೇಯಲ್ಲಿ ಹತ್ತಿರ ಹತ್ತಿರ 1,700 ಕಿಲೋಮೀಟರ್. ಅಷ್ಟು ಹೋದರೂ ರಾಜ್ಯ ಬದಲಾಗುವುದಿಲ್ಲ. ಕ್ವೀನ್ಸ್‌ಲ್ಯಾಂಡ್ ಮುಗಿಯುವುದೇ ಇಲ್ಲ.

ಜೂನ್ ಕೊನೆಗೆ ಮಕ್ಕಳಿಗೆ ಚಳಿಗಾಲದ ರಜೆ. ಕುಂದಾಪುರದಿಂದ ಅತ್ತೆ ಬಂದಿದ್ದರು. ಹೋಟೆಲ್ ರೂಮು ಎರಡು ತೆಗೆದುಕೊಳ್ಳುವ ಬದಲು ಕಾರಿನ ಹಿಂದೆ ಕಟ್ಟಿ ಎಳೆಯುವ ಕ್ಯಾರವಾನ್ ಬಾಡಿಗೆಗೆ ಹಿಡಿಯೋಣ ಅಂತ ಇವರೇ, ಅಂದರೆ ನನ್ನ ಗಂಡ, ಹೊರಟದ್ದು. ಒಂದು ಡಬಲ್ ಮಂಚ, ಎರಡು ಬಂಕ್, ಒಲೆ, ಫ್ರಿಜ್, ಕೈಚೀಲದಷ್ಟು ಬಚ್ಚಲು. ಅತ್ತೆ ಒಳಗೆ ಹೋಗಿ ನೋಡಿ, "ಚಂದ ಉಂಟು. ನಾನು ಇದರಲ್ಲೇ ಮಲಗಿಕೊಂಡು ಬರ್ತೇನೆ" ಅಂದರು. ಆಗುವುದಿಲ್ಲ. ಕ್ಯಾರವಾನ್ ಓಡುವಾಗ ಒಳಗೆ ಯಾರೂ ಇರಬಾರದು, ಅದು ಕಾನೂನು. ಗ್ಯಾಸ್ ಕೂಡ ಬಂದ್ ಮಾಡಿರಬೇಕು. ಹಾಗಾಗಿ ಐದು ಜನವೂ ಕಾರಿನಲ್ಲೇ, ಅತ್ತೆಯ ಕಾಲ ಬಳಿ ಕುಚ್ಚಲಕ್ಕಿ ಚೀಲ.

ಹಿಂದೆ ಎರಡು ಟನ್ ಕಟ್ಟಿಕೊಂಡಾಗ ಗಂಟೆಗೆ 90ರ ಮೇಲೆ ಓಡಿಸಲು ಮನಸ್ಸು ಬರುವುದಿಲ್ಲ. ಎದುರಿನಿಂದ ದೊಡ್ಡ ಟ್ರಕ್ಕು ಬಂದರೆ ಅದರ ಗಾಳಿ ಮೊದಲು ನಮ್ಮನ್ನು ಆಚೆ ತಳ್ಳುತ್ತದೆ, ಆಮೇಲೆ ತನ್ನ ಕಡೆ ಎಳೆಯುತ್ತದೆ. ಸ್ಟೀರಿಂಗ್ ಗಟ್ಟಿ ಹಿಡಿದುಕೊಂಡು ಸುಮ್ಮನಿರಬೇಕು, ಬ್ರೇಕ್ ಒತ್ತಬಾರದು. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಅದು ಕೈಗೆ ಹತ್ತಿತು.

ರಾಕ್‌ಹ್ಯಾಂಪ್ಟನ್‌ನಲ್ಲಿ ಮಕರ ವೃತ್ತದ ಗುರುತಿಗೆ ಒಂದು ಚೂಪು ಕಂಬ ನಿಲ್ಲಿಸಿದ್ದಾರೆ. ಉಷ್ಣವಲಯ ಶುರುವಾಗುವುದು ಅಲ್ಲಿಂದ. ಚಿಕ್ಕವನು ಆಚೆ ಒಂದು ಕಾಲು, ಈಚೆ ಒಂದು ಕಾಲು ಇಟ್ಟು ಫೋಟೋ ತೆಗೆಸಿಕೊಂಡ. ಅಲ್ಲಿಂದ ಉತ್ತರಕ್ಕೆ ರಸ್ತೆ ಎಷ್ಟು ಬೇಜಾರು ಅಂದರೆ, ಡ್ರೈವರ್‌ಗೆ ತೂಕಡಿಕೆ ಬರಬಾರದು ಅಂತ ಸರ್ಕಾರವೇ ರಸ್ತೆ ಬದಿ ಕ್ವಿಜ್ ಬೋರ್ಡು ಹಾಕಿದೆ. ಒಂದು ಬೋರ್ಡಿನಲ್ಲಿ ಪ್ರಶ್ನೆ, ಸ್ವಲ್ಪ ದೂರ ಹೋದಮೇಲೆ ಉತ್ತರ. ಕ್ವೀನ್ಸ್‌ಲ್ಯಾಂಡ್‌ನ ಅತಿ ಎತ್ತರದ ಬೆಟ್ಟ ಯಾವುದು? ಬಾರ್ಟಲ್ ಫ್ರಿಯರ್. ಕಾರಿನೊಳಗೆ ಎರಡು ಪಕ್ಷ ಆಗಿ, ಜಗಳವೂ ಆಗಿ, ರಾತ್ರಿ ಮಕಾಯ್ ತಲುಪಿದೆವು.

ಸೋಮವಾರ: ಕಬ್ಬು, ಮಾವು, ಸೇತುವೆ

ಬೆಳಿಗ್ಗೆ ಎದ್ದರೆ ಸುತ್ತ ಕಬ್ಬು. ಎರಡೂ ಬದಿ, ಬೆಟ್ಟದ ಬುಡದವರೆಗೆ. ಜೂನ್‌ನಿಂದ ನವೆಂಬರ್, ಡಿಸೆಂಬರ್‌ವರೆಗೆ ಅರೆಯುವ ಹಂಗಾಮು. ಗದ್ದೆಯಿಂದ ಕಾರ್ಖಾನೆಗೆ ಕಬ್ಬು ಸಾಗಿಸಲು ಪುಟ್ಟ ರೈಲೇ ಇದೆ. ಹಳಿಯ ಅಗಲ ಬರೀ ಎರಡು ಅಡಿ. ಹೈವೇಗೆ ಅಡ್ಡ ಬಂದಾಗ ಕೆಂಪು ದೀಪ ಮಿಣುಕುತ್ತದೆ, ಎಲ್ಲರೂ ನಿಲ್ಲಬೇಕು. ಚಿಕ್ಕವನು ಡಬ್ಬಿ ಎಣಿಸಲು ಶುರುಮಾಡಿ ನೂರರ ಹತ್ತಿರ ಲೆಕ್ಕ ತಪ್ಪಿಸಿಕೊಂಡ.

"ಗದ್ದೆಯಲ್ಲಿ ಒಂದು ನರಪಿಳ್ಳೆ ಇಲ್ವಲ್ಲ" ಅಂದರು ಅತ್ತೆ. ನಿಜ. ಮಂಡ್ಯದ ಕಡೆ ಕಬ್ಬು ಕಡಿಯುವಾಗ ಕಾಣುವ ಗದ್ದಲ ಇಲ್ಲಿಲ್ಲ. ಒಂದು ಯಂತ್ರ ಬುಡ ಕತ್ತರಿಸಿ, ತುಂಡು ಮಾಡಿ, ಪಕ್ಕದ ಗಾಡಿಗೆ ಉಗುಳುತ್ತಾ ಹೋಗುತ್ತದೆ. ಮೊದಲು ಜನ ಇದ್ದರು. 1863ರಿಂದ 1904ರವರೆಗೆ ಪೆಸಿಫಿಕ್ ದ್ವೀಪಗಳಿಂದ ಸುಮಾರು 62,000 ಜನರನ್ನು ತಂದು ಇಲ್ಲಿ ದುಡಿಸಿಕೊಂಡರು. ಒಪ್ಪಿಸಿ ಕರೆತಂದವರೂ ಇದ್ದರು, ಮೋಸದಿಂದ, ಬಲವಂತದಿಂದ ಹಡಗು ಹತ್ತಿಸಿದವರೂ ಇದ್ದರು. ಆಮೇಲೆ ಬಿಳಿಯರದ್ದೇ ದೇಶ ಆಗಬೇಕು ಅಂತ ಹೆಚ್ಚಿನವರನ್ನು ವಾಪಸ್ ಅಟ್ಟಿದರು. ಉಳಿದವರ ಮರಿಮಕ್ಕಳು ಈಗಲೂ ಮಕಾಯ್ ಸುತ್ತಮುತ್ತ ಇದ್ದಾರೆ.

ಬೋವೆನ್‌ನಲ್ಲಿ ಹತ್ತು ಮೀಟರ್ ಎತ್ತರದ ಮಾವಿನಹಣ್ಣಿನ ಬೊಂಬೆ. ಆಸ್ಟ್ರೇಲಿಯಾದವರಿಗೆ ದೊಡ್ಡ ದೊಡ್ಡ ಹಣ್ಣು, ಮೀನು, ಕುರಿ ಕಟ್ಟಿ ರಸ್ತೆ ಬದಿ ನಿಲ್ಲಿಸುವ ಒಂದು ಹುಚ್ಚು. ಇಲ್ಲಿನ ಮಾವಿನ ತಳಿ ಕೆನ್ಸಿಂಗ್‌ಟನ್ ಪ್ರೈಡ್. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿಂದ ಇಂಡಿಯಾದ ಸೈನ್ಯಕ್ಕೆ ಕುದುರೆ ಸಾಗಿಸುತ್ತಿದ್ದವರು ವಾಪಸ್ ಬರುವಾಗ ತಂದ ಗೊರಟಿನಿಂದ ಈ ತಳಿ ಆಯಿತು ಅನ್ನುತ್ತಾರೆ. ಹಣ್ಣಿನ ಕಾಲ ಇನ್ನೂ ದೂರ. ಐಸಿನ ಹಾಗೆ ಗಟ್ಟಿ ಮಾಡಿದ ಮಾವಿನ ತಿರುಳನ್ನು ಕಪ್ಪಿನಲ್ಲಿ ಕೊಟ್ಟರು. ಅತ್ತೆ ಎರಡು ಚಮಚ ತಿಂದು, "ನಮ್ಮ ಮುಂಡಪ್ಪ ಮಾವಿನ ಹತ್ತಿರ ಬರ್ಲಿಕ್ಕಿಲ್ಲ" ಅಂತ ತೀರ್ಪು ಕೊಟ್ಟು, ಪೂರ್ತಿ ಖಾಲಿ ಮಾಡಿದರು.

ಬರ್ಡೆಕಿನ್ ನದಿಯ ಸೇತುವೆ 1,103 ಮೀಟರ್ ಉದ್ದ, 1957ರದ್ದು. ಕೆಳಗೆ ಹೆಚ್ಚಿನ ಪಾಲು ಬರೀ ಮರಳು. ಸಂಜೆ ಆ ಕಡೆ ಆಕಾಶದಲ್ಲಿ ಕಪ್ಪು ಹೊಗೆ ಎದ್ದಿತ್ತು. ಕಾಡ್ಗಿಚ್ಚಲ್ಲ, ಕೊಯ್ಲಿಗೆ ಮುಂಚೆ ಕಬ್ಬಿನ ಸೋಗೆ ಸುಡುವುದು. ಉತ್ತರದ ಬೇರೆ ಕಡೆ ಬಹಳ ಜನ ಬಿಟ್ಟಿದ್ದಾರೆ, ಬರ್ಡೆಕಿನ್‌ನವರು ಬಿಟ್ಟಿಲ್ಲ. ಟೌನ್ಸ್‌ವಿಲ್ ತಲುಪುವಷ್ಟರಲ್ಲಿ ಕಾರಿನ ಗಾಜಿನ ಮೇಲೆ ಸಣ್ಣ ಸಣ್ಣ ಕರಿ ಕೂತಿತ್ತು. ಊರಿನ ನಡುವೆ ನಿಂತಿರುವ ಕಾಸಲ್ ಹಿಲ್ ಬಂಡೆ ಕತ್ತಲಾಗುವ ಮುಂಚೆ ಒಂದು ಗಳಿಗೆ ಪೂರಾ ಕಿತ್ತಳೆ ಬಣ್ಣಕ್ಕೆ ತಿರುಗಿತು. ನೋಡಿ, ಉಂಡು ಮಲಗಿದೆವು.

ಮಂಗಳವಾರ: ಬೂಟು

ಟೌನ್ಸ್‌ವಿಲ್ ದಾಟಿ ಇಂಗಮ್ ಬಂತು ಅಂದರೆ ನೆಲದ ಬಣ್ಣವೇ ಬೇರೆ. ಒಣಹುಲ್ಲು ಹೋಗಿ ಹಸಿರು ಬರುತ್ತದೆ. ಇಂಗಮ್ ತುಂಬ ಇಟಲಿಯಿಂದ ಕಬ್ಬು ಕಡಿಯಲು ಬಂದು ಆಮೇಲೆ ಗದ್ದೆ ಮಾಡಿಕೊಂಡವರ ಮನೆತನಗಳು. ಮುಂದೆ ಹಿಂಚಿನ್‌ಬ್ರೂಕ್ ದ್ವೀಪ ಕಾಣುವ ಘಾಟಿ. ಕ್ಯಾರವಾನ್ ನಿಲ್ಲಿಸಲು ಜಾಗ ಇದೆ. ಕೆಳಗೆ ಕಾಂಡ್ಲಾ ಕಾಡಿನ ನಡುವೆ ಹಾವಿನ ಹಾಗೆ ಹೊಳೆಗಳು, ಅದರಾಚೆ ಮೋಡ ಹೊತ್ತ ಬೆಟ್ಟ.

ಟಲ್ಲಿಯಲ್ಲಿ ಒಂದು ಬಂಗಾರ ಬಣ್ಣದ ಗಮ್‌ಬೂಟು ಇದೆ, 7.9 ಮೀಟರ್ ಎತ್ತರ. 1950ರಲ್ಲಿ ಈ ಊರಿಗೆ ಅಷ್ಟು ಮಳೆ ಬಿದ್ದಿತ್ತಂತೆ, ಅದರ ನೆನಪಿಗೆ. ಒಳಗೆ ಮೆಟ್ಟಿಲು, ಹೊರಗೆ ಬೂಟು ಹತ್ತುತ್ತಿರುವ ಹಸಿರು ಕಪ್ಪೆ. ಮಕ್ಕಳು ಮೇಲೆ ಓಡಿದರು. ನಾನು ಅತ್ತೆಗೆ ಬೋರ್ಡು ಓದಿ ಹೇಳಿದೆ.

"ಎಂಟು ಮೀಟರಾ? ಆಗುಂಬೆಯಲ್ಲಿ ಎಷ್ಟು?"

ಏಳು ಸಾವಿರ ಮಿಲಿಮೀಟರ್ ಆಸುಪಾಸು, ಅದೂ ವರ್ಷಾ ವರ್ಷಾ ಅಂದೆ.

"ಮತ್ತೆ ನಾವು ಎಂತ ಕಟ್ಟಿದ್ದೇವೆ?"

ಉತ್ತರ ಇರಲಿಲ್ಲ. ಟಲ್ಲಿ, ಬಬಿಂಡ, ಇನ್ನಿಸ್‌ಫೇಲ್ ಮೂರೂ ಊರುಗಳು ಯಾರಿಗೆ ಮಳೆ ಜಾಸ್ತಿ ಅಂತ ಪ್ರತಿವರ್ಷ ಪೈಪೋಟಿಗೆ ಬೀಳುತ್ತವೆ. ಈ ಸುತ್ತಲೇ ದೇಶದ ಹೆಚ್ಚಿನ ಬಾಳೆಹಣ್ಣು ಬೆಳೆಯುವುದು. ಗೊನೆಗೆಲ್ಲ ನೀಲಿ, ಬೆಳ್ಳಿ ಬಣ್ಣದ ಚೀಲ ತೊಡಿಸಿರುತ್ತಾರೆ. 2006ರಲ್ಲಿ ಲ್ಯಾರಿ ಚಂಡಮಾರುತ, 2011ರ ಫೆಬ್ರವರಿಯಲ್ಲಿ ಯಾಸಿ, ಎರಡೂ ಸಲ ತೋಟಗಳು ನೆಲಸಮವಾಗಿ ಪೇಟೆಯಲ್ಲಿ ಬಾಳೆಹಣ್ಣು ಕಿಲೋಗೆ 10 ಡಾಲರ್ ದಾಟಿತ್ತು. ಯಾಸಿ ದಡ ಹತ್ತಿದ್ದು ನಾವು ಆ ರಾತ್ರಿ ಉಳಿಯಲಿದ್ದ ಮಿಶನ್ ಬೀಚ್ ಹತ್ತಿರವೇ.

ಸಂಜೆ ಕ್ಯಾರವಾನ್ ಪಾರ್ಕ್. ಇಲ್ಲಿ ಒಂದು ವಿಷಯ ಹೇಳಲೇಬೇಕು. ಕ್ಯಾರವಾನನ್ನು ರಿವರ್ಸ್ ಹಾಕಿ ಜಾಗಕ್ಕೆ ಕೂರಿಸುವುದು ಪಾರ್ಕಿನ ಸಂಜೆಯ ನಾಟಕ. ಎಲ್ಲರೂ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಗ್ಲಾಸ್ ಹಿಡಿದು, ನೋಡುತ್ತಿಲ್ಲ ಅನ್ನುವ ಹಾಗೆ ನೋಡುತ್ತಾರೆ. ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಕ್ಯಾರವಾನ್ ಬಲಕ್ಕೆ ಹೋಗುತ್ತದೆ. ಇವರು ಕಾರಿನಲ್ಲಿ, ನಾನು ಹಿಂದೆ ವಾಕಿಟಾಕಿ ಹಿಡಿದು. "ನನ್ನ ಕಡೆ, ನನ್ನ ಕಡೆ!" "ನಿನ್ನ ಕಡೆ ಅಂದ್ರೆ ಯಾವ ಕಡೆ?" ನಡುವೆ ಅತ್ತೆ ಕೈ ಬೀಸಿ ತಮ್ಮದೇ ಸೂಚನೆ ಕೊಡುತ್ತಿದ್ದರು. ಇವರು ನನ್ನ ಮಾತು ಬಿಟ್ಟು ಅಮ್ಮನ ಕೈ ನೋಡಿಕೊಂಡು ಬಂದರು. ಸರಿಯಾಗಿ ಕೂತಿತು. ಪಕ್ಕದ ಅಜ್ಜ ಗ್ಲಾಸ್ ಎತ್ತಿ ಅತ್ತೆಗೆ ಸಲಾಂ ಹೊಡೆದರು.

ಬುಧವಾರ, ಗುರುವಾರ: ಮಿಶನ್ ಬೀಚ್

ಕ್ಯಾರವಾನ್ ಇರೋದು ಓಡಿಸೋಕಲ್ಲ, ನಿಲ್ಲಿಸೋಕೆ. ಇದು ನನ್ನ ಖಚಿತ ಅಭಿಪ್ರಾಯ. ದಿನಾ ಬಿಚ್ಚಿ ಕಟ್ಟಿ ಮಾಡಿದರೆ ರಜೆಯೆಲ್ಲ ಅದರಲ್ಲೇ ಹೋಗುತ್ತದೆ. ವೈರ್ ಜೋಡಿಸು, ನೀರಿನ ಪೈಪ್ ಹಾಕು, ಕೊಳೆ ನೀರಿನ ಪೈಪ್ ಮೋರಿಗೆ ಬಿಡು, ಚಕ್ರದ ಕೆಳಗೆ ಹಲಗೆ ಕೊಟ್ಟು ಸಮ ಮಾಡು, ನಾಲ್ಕು ಮೂಲೆಯ ಕಾಲು ಇಳಿಸು, ಚಪ್ಪರ ಎಳೆ. ಬೆಳಿಗ್ಗೆ ಅಷ್ಟನ್ನೂ ತಿರುಗಿ ಮಡಚು. ಮಿಶನ್ ಬೀಚಿನಲ್ಲಿ ಒಂದೇ ಕಡೆ ಕೂತಮೇಲೆ ನಮಗೆ ರಜೆ ಅಂತ ಅನ್ನಿಸಿದ್ದು.

14 ಕಿಲೋಮೀಟರ್ ಉದ್ದದ ಕಡಲತೀರ, ನೀರಿನ ಅಂಚಿನವರೆಗೂ ಬಗ್ಗಿದ ಮರಗಳು, ಎದುರಿಗೆ ಡಂಕ್ ದ್ವೀಪ. ತೆಂಗಿನ ಮರಗಳಿವೆ, ಆದರೆ ಬಹಳಷ್ಟರಲ್ಲಿ ಕಾಯಿ ಇಲ್ಲ. ಯಾರ ತಲೆ ಮೇಲಾದರೂ ಬಿದ್ದರೆ ಕೇಸು ಹಾಕುತ್ತಾರೆ ಅಂತ ಈ ಕರಾವಳಿಯ ಕೌನ್ಸಿಲ್‌ಗಳು ದುಡ್ಡು ಕೊಟ್ಟು ಎಳೆಕಾಯಿ ಇಳಿಸಿಬಿಡುತ್ತವೆ. ಅತ್ತೆಗೆ ಇದು ಅರಗಲೇ ಇಲ್ಲ. ಕೊಲ್ಲುವ ಲೋಳೆಮೀನಿನ ಸುದ್ದಿಯನ್ನು ಸಲೀಸಾಗಿ ನಂಬಿದವರು, ಇದನ್ನು ನಂಬಲಿಲ್ಲ.

ಲೋಳೆಮೀನಿನ ಕಥೆ ಹೀಗೆ. ನವೆಂಬರ್‌ನಿಂದ ಮೇವರೆಗೆ ಈ ನೀರಿನಲ್ಲಿ ಬಾಕ್ಸ್ ಜೆಲ್ಲಿಫಿಶ್ ಬರುತ್ತದೆ. ಉಗುರಿನಷ್ಟೇ ಇರುವ ಇರುಕಾಂಜಿ ಅನ್ನುವ ಇನ್ನೊಂದಿದೆ. ಇದೇ ಕಚ್ಚಿ ಜನ ಒದ್ದಾಡುತ್ತಿರುವುದು ಹೌದೋ ಅಲ್ಲವೋ ಅಂತ ತಿಳಿಯಲು 1960ರ ದಶಕದಲ್ಲಿ ಕೇರ್ನ್ಸ್‌ನ ಡಾಕ್ಟರ್ ಜ್ಯಾಕ್ ಬಾರ್ನ್ಸ್ ಅದನ್ನು ತನಗೇ ಕುಟುಕಿಸಿಕೊಂಡರು. ತನ್ನ ಒಂಬತ್ತು ವರ್ಷದ ಮಗನಿಗೂ, ಒಬ್ಬ ಲೈಫ್‌ಗಾರ್ಡ್‌ಗೂ. ಮೂವರೂ ಆಸ್ಪತ್ರೆ ಸೇರಿ ಬದುಕಿ ಬಂದರು. ಇದನ್ನು ಕೇಳಿ ನನ್ನ ಮಗ ಅಪ್ಪನಿಂದ ಸ್ವಲ್ಪ ದೂರ ಸರಿದು ಕೂತ. ಬೀಚಿನ ಪ್ರತಿ ದಾರಿಯಲ್ಲೂ ಕಂಬಕ್ಕೆ ವಿನಿಗರ್ ಬಾಟಲಿ ಸಿಕ್ಕಿಸಿರುತ್ತಾರೆ, ಕಚ್ಚಿದ ಕಡೆ ಸುರಿಯಲು. ಜುಲೈಯಲ್ಲಿ ಅದರ ಹೆದರಿಕೆ ಕಮ್ಮಿ. ಮೊಸಳೆಗೆ ಮಾತ್ರ ಕಾಲ ಗೀಲ ಇಲ್ಲ. ಹೊಳೆ ಸಮುದ್ರ ಸೇರುವ ಕಡೆ ಹೋಗಲೇಬೇಡಿ ಅಂತ ಹಳದಿ ಬೋರ್ಡು, ಇಂಗ್ಲಿಷ್, ಜರ್ಮನ್, ಚೀನೀ ಭಾಷೆಯಲ್ಲಿ. ನಾವು ಜನ ಇರುವ ಕಡೆ, ಹಗಲು ಹೊತ್ತು, ಮೊಣಕಾಲಿನಷ್ಟು ನೀರಿನಲ್ಲಿ ನಿಂತು ಬಂದೆವು. ಅದೇ ನಮ್ಮ ಸಮುದ್ರಸ್ನಾನ.

ಬುಧವಾರ ಮೀನಿನಂಗಡಿಯಲ್ಲಿ ಸ್ಪ್ಯಾನಿಷ್ ಮ್ಯಾಕರೆಲ್ ಅಂತ ಬರೆದ ದಪ್ಪ ತುಂಡುಗಳಿದ್ದವು. ಅತ್ತೆ ಗಾಜಿಗೆ ಮೂಗು ತಾಗಿಸಿ ನೋಡಿ, "ಅಂಜಲ್!" ಅಂದರು. ಅಂಜಲೇ, ಅದೇ ಜಾತಿ. ಊರಿನಿಂದ ತಂದ ಮಸಾಲೆ ಸವರಿ, ಪಾರ್ಕಿನ ಅಡುಗೆ ಶೆಡ್ಡಿನಲ್ಲಿ ಎಲ್ಲರೂ ಸಾಸೇಜ್ ಸುಡುವ ಕಬ್ಬಿಣದ ಹಂಚಿನ ಮೇಲೆ ಹಾಕಿದರು. ನಾವು ಕ್ಯಾರವಾನಿನೊಳಗೆ ಕುಚ್ಚಲಕ್ಕಿ ಬೇಯಿಸುತ್ತಾ, ಕೆಟಲ್ ಹಾಕಿ, ಏಸಿ ಬೇರೆ ಬಿಟ್ಟು, ಕರೆಂಟ್ ಟ್ರಿಪ್ ಆಗಿ ಕತ್ತಲೆಯಲ್ಲಿದ್ದೆವು. ಹೊರಗೆ ಬಂದು ನೋಡಿದರೆ ಅತ್ತೆಯ ಸುತ್ತ ಆರೇಳು ಜನ. ಹೆಚ್ಚಿನವರು ಗ್ರೇ ನೋಮ್ಯಾಡ್‌ಗಳು. ಅಂದರೆ ರಿಟೈರ್ ಆದಮೇಲೆ ಮನೆ ಬಾಡಿಗೆಗೆ ಕೊಟ್ಟು, ಚಳಿಗಾಲ ಪೂರ್ತಿ ಉತ್ತರದಲ್ಲಿ ಕಳೆಯುವ ದಕ್ಷಿಣದವರು. ಅತ್ತೆಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಮೀನು ಮಗುಚುವ ಹೊತ್ತು ಯಾವುದು ಅಂತ ಬೆರಳಿನಲ್ಲಿ ತೋರಿಸಿಕೊಡುತ್ತಿದ್ದರು. ಮೆಲ್ಬರ್ನ್ ಕಡೆಯ ಒಬ್ಬ ಅಜ್ಜಿ ಮಸಾಲೆಗೆ ಏನೇನು ಅಂತ ಚೀಟಿಯಲ್ಲಿ ಬರೆದುಕೊಂಡರು. ನಮ್ಮ ಊಟಕ್ಕೆ ಎರಡು ತುಂಡು ಉಳಿಯಿತು.

ಗುರುವಾರ ಬೆಳಿಗ್ಗೆ ಕ್ಯಾಸೊವರಿ ಹಕ್ಕಿ. ಇಲ್ಲಿ ರಸ್ತೆ ತುಂಬ ಅದರದ್ದೇ ಬೋರ್ಡು. ಒಂದು ಕಡೆ ಯಾರೋ ಹಂಪ್ ಇದೆ ಅನ್ನುವ ಬೋರ್ಡನ್ನೇ ತಿದ್ದಿ, ಬಿದ್ದ ಹಕ್ಕಿಯ ಹಾಗೆ ಮಾಡಿದ್ದಾರೆ: ಕೆಳಗೆ ಓಡುವ ಹಕ್ಕಿ, ಡಿಕ್ಕಿಗೆ ಮುಂಚೆ; ಮೇಲೆ ಮಲಗಿದ ಹಕ್ಕಿ, ಆಮೇಲೆ. ಬೋರ್ಡು ನೋಡಿ ಸಾಕಾಗಿತ್ತು, ಹಕ್ಕಿ ಕಂಡಿರಲಿಲ್ಲ. ನಾನು ತೊಳೆದ ಬಟ್ಟೆ ಹಗ್ಗಕ್ಕೆ ಹಾಕುತ್ತಿದ್ದೆ. ಹಿಂದಿನ ಕಾಡಿನಿಂದ ಸದ್ದಿಲ್ಲದೆ ಬಂತು. ನನ್ನ ಎದೆಯಷ್ಟು ಎತ್ತರ. ಮೈ ತುಂಬ ಕೂದಲಿನಂಥ ಕರಿ ಗರಿ, ಕುತ್ತಿಗೆ ನೀಲಿ, ಕೆಳಗೆ ಜೋತುಬಿದ್ದ ಎರಡು ಕೆಂಪು ಚರ್ಮ, ತಲೆ ಮೇಲೆ ಕಂದು ಕಿರೀಟ. ಕಾಲಿನ ಒಳಬೆರಳಿನ ಉಗುರು ಚೂರಿಯೇ. ಓಡಬಾರದು, ಮುಖ ಅದರ ಕಡೆಗೇ ಇಟ್ಟು ಮೆಲ್ಲಗೆ ಹಿಂದೆ ಸರಿಯಬೇಕು, ನಡುವೆ ಏನಾದರೂ ಅಡ್ಡ ಹಿಡಿಯಬೇಕು ಅಂತ ಓದಿದ್ದೆ. ಬಟ್ಟೆ ಬುಟ್ಟಿ ಅಡ್ಡ ಹಿಡಿದೆ. ಅದರ ಹಿಂದೆ ಎರಡು ಮರಿ, ಕಂದು ಬಣ್ಣ, ಮಾಸಿದ ಪಟ್ಟೆ. ಹಕ್ಕಿ ಹಗ್ಗದಲ್ಲಿದ್ದ ಅತ್ತೆಯ ಸೀರೆಯನ್ನು ಒಂದು ಕಣ್ಣಿನಿಂದ ನೋಡಿತು, ಕತ್ತು ತಿರುಗಿಸಿ ಇನ್ನೊಂದು ಕಣ್ಣಿನಿಂದ ನೋಡಿತು, ಬಿದ್ದಿದ್ದ ಹಣ್ಣು ಒಂದನ್ನು ಹಾಗೇ ನುಂಗಿ ದಾಟಿಹೋಯಿತು. ನುಂಗಿದ ಬೀಜ ದೂರ ಹೋಗಿ ಹಾಕುತ್ತದೆ. ಇಲ್ಲಿನ ಕಾಡಿನ ದೊಡ್ಡ ಬೀಜದ ಮರಗಳು ಹಬ್ಬುವುದು ಹೆಚ್ಚಾಗಿ ಅದರ ಹೊಟ್ಟೆಯ ಮೂಲಕವೇ.

ಮರಿ ಜೊತೆ ಇದ್ದದ್ದು ಅಪ್ಪ ಅಂತ ಮಗಳು ಹೇಳಿದಳು. ಹೆಣ್ಣು ಮೊಟ್ಟೆ ಇಟ್ಟು ಹೋಗುತ್ತದೆ, ಸುಮಾರು ಐವತ್ತು ದಿನ ಕಾವು ಕೊಡುವುದು, ಆಮೇಲೆ ತಿಂಗಳುಗಟ್ಟಲೆ ಸಾಕುವುದು ಗಂಡು.

"ಒಳ್ಳೆ ಪದ್ಧತಿ" ಅಂದರು ಅತ್ತೆ, ಮಗನ ಕಡೆ ನೋಡಿ. ಇವರು ಆ ಹೊತ್ತಿಗೆ ಟಾಯ್ಲೆಟ್ ಡಬ್ಬ ಎಳೆದುಕೊಂಡು ಡಂಪ್ ಪಾಯಿಂಟ್ ಕಡೆ ಹೊರಟಿದ್ದರು. ಕ್ಯಾರವಾನಿನ ಸಂಡಾಸಿನ ಕೆಳಗೆ ಸೂಟ್‌ಕೇಸಿನಂಥ ಒಂದು ಡಬ್ಬ ಇರುತ್ತದೆ, ಎರಡು ದಿನಕ್ಕೊಮ್ಮೆ ಖಾಲಿ ಮಾಡಬೇಕು. ಆ ಕೆಲಸ ಯಾರದ್ದು ಅಂತ ಬ್ರಿಸ್ಬೇನ್ ಬಿಡುವ ಮುಂಚೆಯೇ ತೀರ್ಮಾನ ಆಗಿತ್ತು.

ಶುಕ್ರವಾರ: ಮಳೆ

ಒಣ ಹಂಗಾಮು ಅಂತ ಹೆಸರು, ದಿನವಿಡೀ ಜಿಟಿಜಿಟಿ. ಮೀನಾ ಕ್ರೀಕ್‌ನಲ್ಲಿ ಪರೋನೆಲ್ಲಾ ಪಾರ್ಕ್ ನೋಡಿದೆವು. ಹೊಸೆ ಪರೋನೆಲ್ಲಾ ಅನ್ನುವ ಸ್ಪೇನ್‌ನವನು 1913ರಲ್ಲಿ ಬಂದು, ಕಬ್ಬು ಕಡಿದು, ಗದ್ದೆ ಕೊಂಡು ಮಾರಿ ದುಡ್ಡು ಮಾಡಿ, ಜಲಪಾತದ ಪಕ್ಕ ಕೋಟೆಯಂಥ ಮನೆ, ಮೆಟ್ಟಿಲು, ತೋಟ ಕಟ್ಟಿ 1935ರಲ್ಲಿ ಜನರಿಗೆ ತೆರೆದ. ಆ ಜಲಪಾತದಿಂದಲೇ ಕರೆಂಟು ಕೂಡ. ಈಗ ಪಾಚಿ, ಜರಿಗಿಡ ಎಲ್ಲದರ ಮೇಲೂ ಹತ್ತಿದೆ. ಮಳೆಯಲ್ಲಿ ಅದು ಇನ್ನೂ ಚಂದ.

ಬಬಿಂಡದಲ್ಲಿ ಬಾರ್ಟಲ್ ಫ್ರಿಯರ್ ಬೆಟ್ಟ ಇರಬೇಕಾದ ಜಾಗ ತೋರಿಸಿದೆವು. ಮೋಡ ಬಿಟ್ಟರೆ ಏನೂ ಇಲ್ಲ. ಕ್ವಿಜ್‌ನಲ್ಲಿ ಸೋತ ಚಿಕ್ಕವನು, "ಹಾಗಾದ್ರೆ ಇಲ್ಲ ಅಂತಲೂ ಹೇಳಬಹುದು" ಅಂತ ವಾದ ತೆಗೆದ. ಅಲ್ಲಿನ ಬಂಡೆಗಳ ನಡುವಿನ ಹೊಳೆ ಗಾಜಿನಷ್ಟು ತಿಳಿ. ಈಜಲು ಬಿಟ್ಟ ಮೇಲಿನ ಗುಂಡಿ ಬಿಟ್ಟು ಕೆಳಗಿನ ಬಂಡೆಗಳ ಕಡೆ ಇಳಿದು ಸತ್ತವರಿದ್ದಾರೆ. ನೀರು ಮಂಜಿನಂತಿತ್ತು. ಮಗಳು ಒಬ್ಬಳೇ ಇಳಿದಳು.

ಶನಿವಾರ, ಭಾನುವಾರ: ಕೇರ್ನ್ಸ್

ಕೇರ್ನ್ಸ್ ಸಮುದ್ರದ ಊರು, ಆದರೆ ಊರ ಮುಂದೆ ಬೀಚಿಲ್ಲ. ಇಳಿತದಲ್ಲಿ ನೋಡಿದರೆ ಕೆಸರು, ಕೊಕ್ಕರೆ, ಮೊಸಳೆ ಬೋರ್ಡು. ಅದಕ್ಕೇ ದಡದಲ್ಲೇ 4,800 ಚದರ ಮೀಟರಿನ ಉಪ್ಪುನೀರಿನ ಕೊಳ ಕಟ್ಟಿ, ಮರಳು ಹಾಕಿ, ಬಿಟ್ಟಿ ಬಿಟ್ಟಿದ್ದಾರೆ. ಮಕ್ಕಳು ಶನಿವಾರ ಪೂರ್ತಿ ಅದರಲ್ಲೇ ಬಿದ್ದಿದ್ದರು. ಸಂಜೆ ಬಾವಲಿಗಳು ಆಕಾಶ ಮುಚ್ಚುವಷ್ಟು ಹಾರಿದವು.

ಭಾನುವಾರ ದೋಣಿಯಲ್ಲಿ ಗ್ರೀನ್ ಐಲೆಂಡ್, 27 ಕಿಲೋಮೀಟರ್. ಗ್ರೇಟ್ ಬ್ಯಾರಿಯರ್ ರೀಫ್ ಒಟ್ಟು 2,300 ಕಿಲೋಮೀಟರ್ ಉದ್ದ. ಅದರಲ್ಲಿ ನಾವು ನೋಡಿದ್ದು ಅಂಗೈಯಗಲ. ತಳಕ್ಕೆ ಗಾಜು ಹಾಕಿದ ದೋಣಿಯಲ್ಲಿ ಅತ್ತೆ, ಮುಖವಾಡ ಹಾಕಿ ನೀರಿನೊಳಗೆ ನಾವು. ಹವಳ ಎಲ್ಲ ಪೋಸ್ಟರಿನ ಬಣ್ಣದಲ್ಲಿ ಇರುವುದಿಲ್ಲ. ಕಂದು, ಮಾಸಲು ಹಸಿರು, ನಡುವೆ ಎಲ್ಲೋ ನೇರಳೆ. ಮುರಿದು ಬೂದಿಯಾದ ಜಾಗವೂ ಇದೆ. 2016ರಿಂದ ಈಚೆಗೆ ಮತ್ತೆ ಮತ್ತೆ ಸಮುದ್ರ ಬಿಸಿಯಾಗಿ ಹವಳ ಬಿಳಿಚಿಕೊಂಡಿದೆ. ಆದರೆ ಮಗನ ಕೆಳಗೆ ಒಂದು ಆಮೆ ಹಾದುಹೋಯಿತು. ಅವನು ನೀರಿನೊಳಗೇ ಕಿರುಚಿದ್ದು ನನಗೆ ಕೇಳಿಸಿತು.

ಸೋಮವಾರ: ಡೇನ್‌ಟ್ರೀ ಆಚೆ

ಕ್ಯಾರವಾನನ್ನು ವಾಂಗಾ ಬೀಚಿನ ಪಾರ್ಕಿನಲ್ಲಿ ಬಿಟ್ಟು ಬರೀ ಕಾರಿನಲ್ಲಿ ಹೋದೆವು. ಮುಂದಿನ ಘಾಟಿ ಕಡಿದು, ತಿರುವು ಜಾಸ್ತಿ. ಡೇನ್‌ಟ್ರೀ ನದಿಗೆ ಸೇತುವೆ ಇಲ್ಲ. ಕೇಬಲ್ ಎಳೆದುಕೊಂಡು ಹೋಗುವ ಫೆರ್ರಿ, ಐದೇ ನಿಮಿಷ. ಆಚೆ ದಡಕ್ಕೆ ಊರಿನ ವಿದ್ಯುತ್ ಲೈನೂ ಹೋಗುವುದಿಲ್ಲ. ಸೋಲಾರ್, ಜನರೇಟರ್ ಮೇಲೆ ಬದುಕು. ಮಳೆಕಾಡು ರಸ್ತೆಯ ಮೇಲೆ ಎರಡೂ ಕಡೆಯಿಂದ ಕೂಡಿಕೊಂಡಿದೆ. ಒಂದು ತಿರುವಿನಲ್ಲಿ ಅತ್ತೆ, "ಥೇಟ್ ಕೊಲ್ಲೂರು ಘಾಟಿ" ಅಂದು ಕಿಟಕಿ ಇಳಿಸಿದರು.

ಕೇಪ್ ಟ್ರಿಬ್ಯುಲೇಶನ್‌ಗೆ ಆ ಹೆಸರು ಇಟ್ಟದ್ದು ಕ್ಯಾಪ್ಟನ್ ಕುಕ್. 1770ರ ಜೂನ್‌ನಲ್ಲಿ ಅವನ ಹಡಗು ಇಲ್ಲಿಗೆ ಹತ್ತಿರದಲ್ಲೇ ಹವಳದ ದಿಬ್ಬಕ್ಕೆ ಬಡಿದು ತೂತಾಯಿತು. ತನ್ನ ಕಷ್ಟಗಳೆಲ್ಲ ಶುರುವಾದದ್ದು ಇಲ್ಲಿಂದ ಅಂತ ಬರೆದಿಟ್ಟ. ಇಲ್ಲಿನ ಮೂಲನಿವಾಸಿಗಳಾದ ಕುಕು ಯಲಾಂಜಿ ಜನ ಅವನಿಗಿಂತ ಎಷ್ಟೋ ಸಾವಿರ ವರ್ಷ ಮುಂಚೆಯಿಂದ ಇದನ್ನು ಕುಲ್ಕಿ ಅನ್ನುತ್ತಾ ಬಂದಿದ್ದಾರೆ. ಕಾಡು ಇಳಿದು ಬಂದು ಮರಳಿಗೆ ತಾಗುತ್ತದೆ, ಅದರಾಚೆ ಹವಳದ ಸಮುದ್ರ. ಎರಡೂ ವಿಶ್ವ ಪರಂಪರೆ ತಾಣ. ಅಲ್ಲಿಂದ ಸ್ವಲ್ಪ ಮುಂದೆ ಟಾರು ಮುಗಿಯುತ್ತದೆ. ಕುಕ್‌ಟೌನ್ ಕಡೆಗೆ ಮಣ್ಣಿನ ದಾರಿ, ಹೊಳೆ ದಾಟಬೇಕು, ಫೋರ್‌ವೀಲ್ ಡ್ರೈವ್‌ಗೆ ಮಾತ್ರ. ಇವರಿಗೆ ಹೋಗುವ ಆಸೆ. ಬಾಡಿಗೆ ಕರಾರು ಕ್ಯಾರವಾನಿಗೆ ಮಾತ್ರ, ಕಾರು ನಮ್ಮದೇ ಅಲ್ವಾ ಅಂದರು. ಅತ್ತೆ ಒಮ್ಮೆ "ಬೇಡ" ಅಂದರು. ಕಾರು ತಿರುಗಿತು.

ವಾಪಸ್ ದಾರಿ

ಮಂಗಳವಾರ ಹೊರಟು ಎಲ್ಲೂ ಜಾಸ್ತಿ ನಿಲ್ಲದೆ ಇಳಿದೆವು. ಮುಂದಿನ ಸಲ ಕೇರ್ನ್ಸ್‌ಗೆ ವಿಮಾನದಲ್ಲಿ ಹೋಗಿ ಅಲ್ಲೇ ಕ್ಯಾರವಾನ್ ತೆಗೆದುಕೊಳ್ಳಬೇಕು, ಎರಡೇ ಕಡೆ ನಿಲ್ಲಬೇಕು ಅಂತ ನಾನು. ರಸ್ತೆಯೂ ಬೇಕು ಅಂತ ಇವರು. ಇನ್ನೂ ತೀರ್ಮಾನ ಆಗಿಲ್ಲ. ಆದರೆ ಜುಲೈಗೆ ಹೋಗುವವರು ಜನವರಿಯಲ್ಲೇ ಪಾರ್ಕ್ ಬುಕ್ ಮಾಡಿ, ಇಲ್ಲದಿದ್ದರೆ ಜಾಗ ಸಿಗುವುದಿಲ್ಲ. ರಾತ್ರಿ ಕುಂದಾಪುರಕ್ಕೆ ಫೋನ್ ಹಚ್ಚಿ ಅತ್ತೆ ತಂಗಿಗೆ ಅರ್ಧ ಗಂಟೆ ಹೇಳಿದರು. ರೀಫ್ ಬಗ್ಗೆ ಒಂದು ಮಾತಿಲ್ಲ. ಅಂಜಲ್, ಬೋಳು ತೆಂಗಿನ ಮರ, ಮರಿ ಸಾಕುವ ಗಂಡುಹಕ್ಕಿ.

ಕ್ಯಾರವಾನ್ ಒಪ್ಪಿಸುವ ಮುಂಚೆ ಎರಡು ಗಂಟೆ ಗುಡಿಸಿದೆವು. ಹಾಸಿಗೆ ಸಂದಿಯಲ್ಲೆಲ್ಲ ಮರಳು. ಬಾಡಿಗೆಯವರು ಬಂದು ಒಳಗೆ ಇಣುಕಿಯೂ ನೋಡಲಿಲ್ಲ. ಟಾಯ್ಲೆಟ್ ಡಬ್ಬ ಒಂದನ್ನು ಎಳೆದು, ಮುಚ್ಚಳ ತೆಗೆದು ನೋಡಿ, ಸರಿ ಇದೆ ಅಂತ ಸಹಿ ಹಾಕಿ ಕೊಟ್ಟರು.